ಹಕ್ಕಿಯ ಬೆಲೆ

ಕಾಮಾಕ್ಷಿಪಾಳ್ಯದಲ್ಲಿ, ಬಸ್‌ಸ್ಟಾಪಿನ ಹಿಂದೆ,
ಕಬ್ಬಿಣದ ಜಾಲರಿಯ ಈಚೆ ನಿಂತು
ಹತ್ತೊಂಬತ್ತು ವರ್ಷವಾಯಿತು.
ಮುಖಗಳು ನನಗೆ ಅಷ್ಟಾಗಿ ಗೊತ್ತಿಲ್ಲ.
ಕಿಂಡಿಯಲ್ಲಿ ತೂರಿ ಬರುವ ಕೈಗಳು ಗೊತ್ತು.

ಗ್ರೀಸು ಮೆತ್ತಿದ ಕೈ ಕೇಳುವುದು ಕೆಂಪು ಮುಚ್ಚಳದ ಸ್ಟ್ರಾಂಗು,
ಬೇರೆ ಕೊಟ್ಟರೆ ಮಾತಿಲ್ಲದೆ ವಾಪಸ್ಸು ತಳ್ಳುತ್ತದೆ.
ಸುಣ್ಣ ಒಣಗಿದ ಕೈಗೆ ಯಾವುದಾದರೂ ಸರಿ,
'ತಣ್ಣಗಿರಬೇಕಣ್ಣ', ಅಷ್ಟೆ.
ಹೆಬ್ಬೆರಳಿನಿಂದ ಬಾಟಲಿಯ ಬೆವರೊರೆಸಿ
ಜಾಲರಿಯಾಚೆ ಎಲ್ಲೋ ಇರುವ ಕೆನ್ನೆಗೆ
ಒತ್ತಿಕೊಳ್ಳುತ್ತದೆ, ದುಡ್ಡು ಕೊಡುವ ಮೊದಲೇ.
ಒಂದು ಕೈಗೆ ಹಸಿರು ಗಾಜಿನ ಬಳೆ. ಎರಡನೇ ಶನಿವಾರ ಮಾತ್ರ.
ಚಿಲ್ಲರೆ ಎಣಿಸಿಯೇ ತಂದಿರುತ್ತದೆ,
ಕರೀ ಕವರು ಬೇಡವೆಂದು ಟಿಫನ್ ಬ್ಯಾಗು ಒಡ್ಡುತ್ತದೆ.
ನಾನು ಕತ್ತೆತ್ತುವುದಿಲ್ಲ.
ಆ ಕೈಗೂ ನನಗೂ ಇರುವ ಒಪ್ಪಂದ ಅದು.

ಈಗೀಗ ಮೆತ್ತನೆಯ ಕೈಗಳೂ ಬರುತ್ತವೆ, ದೊಡ್ಡ ವಾಚು ಕಟ್ಟಿದವು,
'ಗೋಧಿ ಬಿಯರ್ ಇದೆಯಾ?'
ಗೋಧಿ ಅಂದರೆ ಚಪಾತಿ ಅಂದುಕೊಂಡಿದ್ದವನು ನಾನು.
ಒಂದು ಕೇಸು ತರಿಸಿದೆ. ಕಿತ್ತಳೆ ಸಿಪ್ಪೆಯ ವಾಸನೆಯಂತೆ, ಲವಂಗವಂತೆ.
ಇಂದಿರಾನಗರದ ಕಡೆ ರಾಗಿಯದೂ ಬಂದಿದೆಯಂತೆ.
ಬರಲಿ. ಮುದ್ದೆಗೇನೂ ನಷ್ಟವಿಲ್ಲ.

ಆದರೆ ಇಲ್ಲಿ ಮೊದಲು ಖಾಲಿಯಾಗುವುದು ಹಕ್ಕಿ,
ಲೇಬಲ್ಲಿನ ಮೇಲೆ ಕೂತ ಮಿಂಚುಳ್ಳಿ.
ಹೆಸರು ಯಾರೂ ಹೇಳುವುದಿಲ್ಲ, 'ಎರಡು ಹಕ್ಕಿ' ಅಂದರೆ ಸಾಕು.
'ಒಂದೇ' ಎಂದು ಆಣೆಯಿಟ್ಟು ಬಂದ ಕೈ
ರಸ್ತೆ ದಾಟುವ ತನಕ ಹೋಗಿ
ತಿರುಗಿ ಬಂದದ್ದನ್ನು ಎಷ್ಟು ಸಲ ನೋಡಿಲ್ಲ!
'ಇನ್ನೊಂದಿರಲಿ, ನಾಳೆಗೆ.'
ಆ ನಾಳೆ
ರಾತ್ರಿ ಹತ್ತೂವರೆಯೊಳಗೆ ಮುಗಿದಿರುತ್ತದೆ.

ತಿರುಮಲಯ್ಯನ ತೋರುಬೆರಳು ಅರ್ಧ.
ಉಳಿದರ್ಧ ಲೇತ್ ಮಿಷನ್ನಿಗೆ ಹೋಯಿತು.
ಅದನ್ನೇ ಎತ್ತಿ 'ಒಂದು' ಎನ್ನುತ್ತಿದ್ದ.
'ಅರ್ಧಾನಾ?' ಎನ್ನುತ್ತಿದ್ದೆ.
ದಿನಾ ಅದೇ ಜೋಕು, ದಿನಾ ನಗು.
ಆಮೇಲೆ ಬಿಟ್ಟ. ಡಾಕ್ಟರು, ಲಿವರು,
ಮಗಳ ತಲೆ ಮುಟ್ಟಿ ಪ್ರಮಾಣ.
ಆದರೂ ಶನಿವಾರ ಸಂಜೆ ಬರುತ್ತಾನೆ, ಸೋಡಾಕ್ಕೆ.
ಫ್ರಿಜ್ಜಿನ ಗಾಜಿನೊಳಗೆ ಸಾಲಾಗಿ ಕೂತ ಹಕ್ಕಿಗಳ ಕಡೆ
ಅರ್ಧ ಬೆರಳು ತೋರಿಸಿ, 'ಈಗೆಷ್ಟು?'
ಮೊದಲ ಸಲ ಯಾಕೋ, ಬಾಯಿಗೆ ಬಂದಂತೆ,
ಮೂವತ್ತು ಜಾಸ್ತಿ ಹೇಳಿಬಿಟ್ಟೆ.
'ಏನ್ ರೇಟಪ್ಪಾ! ಬೇಡ ಬಿಡು.'
ಮುಂದಿನ ವಾರ ಇನ್ನೂ ಐವತ್ತು ಏರಿಸಿದೆ.
ಸರ್ಕಾರವೂ ಅಷ್ಟು ಬೇಗ ಏರಿಸಿದ್ದಿಲ್ಲ.
ಹೀಗೆ ಎರಡು ವರ್ಷ.

ಮೊನ್ನೆ ನನಗೆ ಜ್ವರ.
ಗಲ್ಲಾದಲ್ಲಿ ಹೊಸ ಹುಡುಗ, ಪುಟ್ಟರಂಗ.
ಕೇಳಿದ್ದಕ್ಕೆ ಇದ್ದ ಬೆಲೆ ಹೇಳಿದ್ದಾನೆ, ನಿಯತ್ತಿನ ಹುಡುಗ.
ಬೈಯುವುದಾದರೂ ಹೇಗೆ?

ಈ ಶನಿವಾರ ಎದೆ ಢವಢವ ಅನ್ನುತ್ತಾ ಕಾದೆ.
ಕೈ ಬಂತು. ಸೋಡಾದ ದುಡ್ಡೇ ಹಿಡಿದಿತ್ತು.
'ಆ ಹುಡುಗನಿಗೆ ವ್ಯಾಪಾರ ಗೊತ್ತಿಲ್ಲ' ಅಂದ.
'ತಿರುಮಲಯ್ಯ, ಅದು ನಾನು...'
'ಬಾಟಲಿ ಮೇಲೇ ಅಚ್ಚು ಹಾಕಿರ್ತಾರಲ್ಲೋ ಗುರೂ.
ನಂಗೂ ಓದಕ್ಕೆ ಬರುತ್ತೆ.'

ಫ್ರಿಜ್ಜು ಗುಂಯ್ ಅಂದಿತು.
ಹಿಂದಿನವನ ಕೈ ನೋಟು ಮಡಿಸಿ, ಬಿಡಿಸಿ, ಅವಸರ ಮಾಡಿತು.
ಅರ್ಧ ಬೆರಳು ಮೆಲ್ಲಗೆದ್ದಿತು.
'ಸರಿ. ಇವತ್ತೆಷ್ಟು ಹೇಳು.'

'ಏಳ್ನೂರು' ಅಂದೆ.

'ಅಬ್ಬಬ್ಬಾ!' ಎಂದು ಹಿಂದೆ ಸರಿದ,
ನಿಜಕ್ಕೂ ಗಾಬರಿಯಾದವನ ಹಾಗೆ,
ಸೋಡಾ ಕಂಕುಳಲ್ಲಿ ಅವುಚಿಕೊಂಡು.